ಕರ್ನಲ್ ಏಳ್ತಾ ಇಲ್ಲ

ಬಾಲ್ಕನಿಯ ಬಾಗಿಲು ಮುಚ್ಚಿಕೊಂಡು ಫೋನಿನಲ್ಲಿ ಮಾತಾಡಿದ್ದರೆ ಅಳಿಯನಿಗೆ ಅಂದು ಇಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ.

ತನ್ನ ಮನೆಗೆ ಬಣ್ಣ ಬಳಿಸುತ್ತಿದ್ದುದರಿಂದ ಅವನು ಕಂಪ್ಯೂಟರ್ ಸಮೇತ ಮಾವನ ಮನೆಯಲ್ಲಿ ಠಿಕಾಣಿ ಹೂಡಿದ್ದ. ಹಾಗಾಗಿ ಆ ಕಟ್ಟಡದವರಿಗೆಲ್ಲ ಅವನು ‘ಅಳಿಯಂದ್ರು’. ಆಪರೇಟಿಂಗ್ ಸಿಸ್ಟಮ್ಮಿನ ಜೀವಾಳವಾದ ಕರ್ನಲ್ ಎಂಬ ಭಾಗಕ್ಕೆ ಕೋಡ್ ಬರೆಯುವುದು ಅವನ ಕೆಲಸ. ಕೀಬೋರ್ಡ್ ನಡೆಸಲು ಅವನು ಬರೆದ ಹೊಸ ಕೋಡು ಸೇರಿದ್ದೇ ತಡ, ಕರ್ನಲ್ ಬಿಲ್ಡ್ ಆಗುವುದನ್ನೇ, ಎಂದರೆ ಕೋಡೆಲ್ಲ ಕೂಡಿ ಓಡುವ ರೂಪಕ್ಕೆ ಬರುವುದನ್ನೇ, ನಿಲ್ಲಿಸಿ ಎಮ್ಮೆಯ ಹಾಗೆ ಕಾಲು ಚಾಚಿ ಮಲಗಿಬಿಟ್ಟಿತ್ತು. ಸಂಜೆಯೊಳಗೆ ಅದನ್ನು ಎಬ್ಬಿಸಿ ತೋರಿಸಿದರೆ ತಂಡದ ಮುಖ್ಯಸ್ಥನ ಕುರ್ಚಿ ಅವನದು. ಇಲ್ಲವಾದರೆ ಆ ಕುರ್ಚಿಯ ಮೇಲೆ ಇನ್ನೊಬ್ಬ ಸಹೋದ್ಯೋಗಿ ಆಗಲೇ ಕಣ್ಣಿಟ್ಟಿದ್ದ. ಮ್ಯಾನೇಜರ್ ಮೇಡಂ ಕೆಮ್ಮಿದರೂ “ಎಷ್ಟು ಚೆನ್ನಾಗಿ ಕೆಮ್ಮಿದ್ರಿ ಮೇಡಂ” ಎನ್ನುವ ಆಸಾಮಿ ಅವನು.

“ಕರ್ನಲ್ ಏಳ್ತಾನೇ ಇಲ್ಲ ಕಣೋ,” ಎಂದು ಅಳಿಯ ಗೆಳೆಯನೊಬ್ಬನ ಬಳಿ ಫೋನಿನಲ್ಲಿ ಗೋಳು ತೋಡಿಕೊಂಡ. “ಬೆಳಗ್ಗೆಯಿಂದ ಒದ್ದಾಡ್ತಿದೀನಿ. ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಕೆಡುತ್ತೆ.”

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಟೀಚರಮ್ಮನ ಕೈ ಅಲ್ಲೇ ನಿಂತಿತು. ಅವರಿಗೆ ಗೊತ್ತಿದ್ದ ಕರ್ನಲ್ ಎಂದರೆ ಸೇನೆಯವರು: ಗಿರಿಜಾ ಮೀಸೆ, ಎದೆ ತುಂಬ ಪದಕ. ಅಂಥ ದೊಡ್ಡ ಮನುಷ್ಯ ಪಕ್ಕದ ಮನೆಗೆ ಬಂದು ಹಾಸಿಗೆ ಹಿಡಿದಿದ್ದಾರೆ ಎಂದರೆ ಸುಮ್ಮನಿರಲಾದೀತೆ? ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೇ ಕೆಳಮನೆಯ ಡಾಕ್ಟರನ್ನೂ ಎದುರುಮನೆಯ ದರ್ಜಿಯನ್ನೂ ಹೊರಡಿಸಿಕೊಂಡು ಬಂದರು.

ಡಾಕ್ಟರು ಒಳಗೆ ಬರುತ್ತಲೇ ಕೇಳಿದರು, “ಯಾವಾಗಿನಿಂದ ಹೀಗಿದೆ?”

“ಬೆಳಗ್ಗೆಯಿಂದ,” ಎಂದ ಅಳಿಯ, ಪರದೆಯಿಂದ ಕಣ್ಣು ಕೀಳದೆ. ತಲೆ ಎಷ್ಟು ಕೆಟ್ಟಿತ್ತೆಂದರೆ, ಕೇಳಿದವರು ಯಾರು ಎಂದು ತಿರುಗಿ ನೋಡುವ ವ್ಯವಧಾನವೂ ಇರಲಿಲ್ಲ.

“ಏನಾದ್ರೂ ಕೊಟ್ರಾ?”

“ಹಳೇ ಕಾನ್ಫಿಗ್ ಕೊಟ್ಟೆ. ಇನ್ನೂ ಹೆಚ್ಚಾಯ್ತು.”

ಅವನು ಹೇಳಿದ್ದು ಸೆಟ್ಟಿಂಗುಗಳ ಫೈಲು. ಅಂಥ ಮಾತ್ರೆಯ ಹೆಸರನ್ನೇ ಡಾಕ್ಟರು ಕೇಳಿರಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ, “ಅದನ್ನ ಈಗ ಯಾರೂ ಕೊಡಲ್ಲ ಕಣ್ರೀ. ಎಲ್ಲಿದಾರೆ?” ಎಂದರು.

ಅಳಿಯ ನೊಣ ಓಡಿಸುವವನಂತೆ ಒಳಕೋಣೆಯ ಕಡೆ ಕೈ ಬೀಸಿದ. ಅಲ್ಲಿ ಯಾರೋ ತಲೆಯಿಂದ ಕಾಲಿನವರೆಗೆ ಹೊದ್ದು ಮಲಗಿದ್ದರು. ಮೂವರೂ ಉಸಿರು ಬಿಗಿಹಿಡಿದು ಒಳಗೆ ಹೋದರು. “ಕಾಲು ತಣ್ಣಗಿದೆ,” ಎಂದು ಡಾಕ್ಟರು ಪಿಸುಗುಟ್ಟಿದ್ದೇ ದರ್ಜಿ ತನ್ನ ಮನೆಗೆ ಓಡಿ, ಬಿಸಿ ಮಾಡುವ ಕರೆಂಟಿನ ದಿಂಬು ತಂದ.

ಸರಿಯಾಗಿ ಅದೇ ಹೊತ್ತಿಗೆ ಅಳಿಯನಿಗೆ ತನ್ನ ತಪ್ಪು ಹೊಳೆಯಿತು. ಏನೇನನ್ನು ಬಿಲ್ಡ್ ಮಾಡಬೇಕೆಂದು ಕಂಪ್ಯೂಟರಿಗೆ ಹೇಳುವ ಫೈಲಿನಲ್ಲಿ ತನ್ನ ಹೊಸ ಕೋಡಿನ ಹೆಸರನ್ನೇ ಸೇರಿಸಿರಲಿಲ್ಲ! ತನ್ನ ತಲೆಗೆ ತಾನೇ ಮೊಟಕಿಕೊಂಡು ಒಂದು ಸಾಲು ಬರೆದ. ಬಿಲ್ಡ್ ಶುರುವಾಯಿತು. ಎರರ್ ಇಲ್ಲದ ಸಾಲುಗಳು ಸರಸರನೆ ಹರಿದವು. ಇನ್ನೇನು ಮುಗಿಯಬೇಕು, ಪರದೆ ಕಪ್ಪಾಯಿತು.

“ದಿಂಬಿನ ಪ್ಲಗ್ಗಿಗೆ ಜಾಗ ಇರ್ಲಿಲ್ಲ, ಕಂಪ್ಯೂಟರಿಂದು ಕಿತ್ತೆ ಅಳಿಯಂದ್ರೇ,” ಎಂದ ದರ್ಜಿ, ಪರೋಪಕಾರದ ಮುಖದಲ್ಲಿ.

“ಅಯ್ಯೋ ನಿಮ್ಮ!” ಎನ್ನುತ್ತ ಅಳಿಯ ಮೇಜಿನ ಕೆಳಗೆ ನುಸುಳಿದ. ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಗಲಾಟೆ ಕೇಳಿ ಹೊರಬಂದ ಟೀಚರಮ್ಮ ಎತ್ತಿಕೊಂಡರು.

“ಕರ್ನಲ್ ಎದ್ದಾಯ್ತಾ?” ಎಂದಿತು ಮ್ಯಾನೇಜರ್ ಮೇಡಂ ದನಿ.

“ಎಲ್ಲಮ್ಮಾ! ಇವತ್ತು ಏಳೋ ಲಕ್ಷಣ ಕಾಣ್ತಿಲ್ಲ. ಡಾಕ್ಟ್ರು ಬಂದು ಕೂತಿದಾರೆ. ಅಳಿಯಂದ್ರಂತೂ ಪಾಪ, ಮೇಜಿನ ಕೆಳಗೆ ಸೇರ್ಕೊಂಡು ಏನೇನೋ ಗೊಣಗ್ತಿದಾರೆ.”

“ಅವರನ್ನ ಹೊರಗೆ ಬನ್ನಿ ಅಂತ ಬಲವಂತ ಮಾಡಬೇಡಿ,” ಎಂದು ಮೇಡಂ ಮೆಲ್ಲಗೆ ಫೋನಿಟ್ಟರು.

ಬಿಲ್ಡ್ ಮೊದಲಿನಿಂದ ಶುರುವಾಯಿತು. ಅಳಿಯ ಪ್ಲಗ್ಗಿಗೆ ಕಾಲು ಅಡ್ಡಹಾಕಿಕೊಂಡು ಕೂತ. ಕೊನೆಗೂ ಪರದೆಯ ಮೇಲೆ ಕರ್ನಲ್ ಮಿಣ್ಣನೆ ಕಣ್ಣು ಬಿಟ್ಟಿತು. “ಎದ್ದ! ಕರ್ನಲ್ ಎದ್ದೇಬಿಟ್ಟ!” ಎಂದು ಅವನು ಕುಣಿದಾಡಿದ. ಅದೇ ಗಳಿಗೆಗೆ ಒಳಗೆ ಡಾಕ್ಟರು ಹೊದಿಕೆಯೊಳಗೆ ಕೈ ತೂರಿಸಿ, ಐಸಿನಂಥ ಸ್ಟೆತಾಸ್ಕೋಪನ್ನು ಎದೆಗೆ ಒತ್ತಿದ್ದರು. ಹೊದಿಕೆ ಹಾರಿತು. ಟೀಚರಮ್ಮ, ದರ್ಜಿ ಇಬ್ಬರೂ ಚಪ್ಪಾಳೆ ತಟ್ಟಿದರು. ಹಾಸಿಗೆಯ ಮೇಲೆ ಬನಿಯನ್ನಿನಲ್ಲಿ ನಿಂತಿದ್ದವರು ಮಾವ.

“ಒಂದು ಗಳಿಗೆ ನಿದ್ದೆ ಮಾಡೋಕೂ ಬಿಡಲ್ವೇನ್ರೀ!”

ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಅಳಿಯನ ಗಂಟಲು ಒಣಗಿತು. ಆದರೂ ಮುಖದಲ್ಲಿ ಗೆದ್ದ ಕಳೆ. ಮೇಡಂಗೆ ತಿಳಿಸೋಣವೆಂದು ಫೋನ್ ತೆರೆದರೆ ಅವರದೇ ಸಂದೇಶ ಕಾದಿತ್ತು.

“ಕೆಲಸದ ಒತ್ತಡ ನಿಮ್ಮನ್ನ ಈ ಸ್ಥಿತಿಗೆ ತಂದಿದ್ದು ಕೇಳಿ ಬೇಜಾರಾಯ್ತು. ಮುಖ್ಯಸ್ಥನ ಹೊಣೆ ನಿಮ್ಮ ಸಹೋದ್ಯೋಗಿಗೆ ಕೊಟ್ಟು ಎಲ್ಲರಿಗೂ ತಿಳಿಸಿದೀನಿ. ಅವರು ನಿಮ್ಮ ಕೋಡ್ ಪೂರ್ತಿ ಕಿತ್ತುಹಾಕಿದ್ರು, ಬಿಲ್ಡ್ ಆಗೇಹೋಯ್ತು! ನೀವು ರಜೆ ತಗೊಂಡು ಆರಾಮ ಮಾಡಿ.”

ಅವನು ಕುರ್ಚಿಯಲ್ಲಿ ಕುಸಿಯುವಷ್ಟರಲ್ಲಿ ಹೊಸ ಮುಖ್ಯಸ್ಥನ ಸಂದೇಶವೂ ಬಂತು.

“ಅಣ್ಣಾ, ಆರೋಗ್ಯ ಜೋಪಾನ. ಒಂದು ಸಣ್ಣ ವಿಷಯ. ನಿಮ್ಮ ಕೋಡ್ ತೆಗೆದ ಮೇಲೆ ಕರ್ನಲ್ ಏನೋ ಏಳ್ತಿದೆ, ಆದ್ರೆ ಕೀಬೋರ್ಡೇ ಕೆಲಸ ಮಾಡ್ತಿಲ್ಲ. ಬೆಳಗ್ಗೆಯೊಳಗೆ ಅದನ್ನ ಹೇಗಾದ್ರೂ ವಾಪಸ್ ಸೇರಿಸಿಕೊಡಿ. ಹೆಸರು ಮಾತ್ರ ನಂದೇ ಹಾಕಿ, ನೀವು ರಜೆಯಲ್ಲಿದೀರಲ್ಲ!”