ಸಂಜೀವಿನಿ ಡಬ್ಬಿ

ನೆಗಡಿ ಬಂತೆಂದು ಕಾಯಂ ನೌಕರಿಯನ್ನೇ ಕೊಯ್ದುಕೊಂಡರಂತೆ. ಗಾದೆಯಲ್ಲಿರುವುದು ಮೂಗು ಎಂದು ನೀವು ತಕರಾರು ತೆಗೆಯಬಹುದು. ಆದರೆ ಈ ಕತೆಯಲ್ಲಿ ಮೂಗು ಕೊನೆಯವರೆಗೂ ತನ್ನ ಜಾಗದಲ್ಲೇ ಇತ್ತು, ಸೋರುತ್ತಲೂ ಇತ್ತು, ಹೋದದ್ದು ಬೇರೆ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಉಪ್ಪುಖಾರ ಹಚ್ಚಲು ಜಾಗ ಉಳಿದಿದ್ದರೆ ತಾನೇ ಹಚ್ಚುವುದು?

ವಿಜ್ಞಾನದ ಮೇಷ್ಟ್ರು ಆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ಮಕ್ಕಳೇ" ಎಂದು ಪಾಠದ ತಾಲೀಮು ಶುರು ಮಾಡಿದರು. ಬಾಯಿಂದ ಬಂದದ್ದು "ಬಕ್ಕಳೇ". ಎರಡನೆಯ ಸಲ ಅದೂ ಬರಲಿಲ್ಲ. ತುಕ್ಕು ಹಿಡಿದ ಗೇಟು ತೆರೆದಂಥ ಸದ್ದೊಂದು ಬಂತು.

ಬೇರೆ ದಿನವಾಗಿದ್ದರೆ ರಜೆ ಹಾಕಿ ಮುಸುಕೆಳೆದು ಮಲಗುತ್ತಿದ್ದರು. ಇವತ್ತು ಮೇಲಧಿಕಾರಿ ಸಾಹೇಬರು ಅವರ ಪಾಠ ನೋಡಲು ಬರುವವರಿದ್ದರು. ಸಾಹೇಬರು ಮೆಚ್ಚಿದರೆ ನೌಕರಿ ಕಾಯಂ. ಇಲ್ಲವಾದರೆ ಮತ್ತದೇ ತಾತ್ಕಾಲಿಕ. ಆ ಪದ ಹಳೆಯ ತುರಿಕಜ್ಜಿಯಂತೆ ಅವರಿಗೆ ಅಂಟಿಕೊಂಡಿತ್ತು. ಮಾವನವರಂತೂ ನೆಂಟರಿಗೆಲ್ಲ "ಇವರು ನಮ್ಮ ತಾತ್ಕಾಲಿಕ ಅಳಿಯಂದಿರು" ಎಂದೇ ಪರಿಚಯಿಸುತ್ತಿದ್ದರು. ನಗುನಗುತ್ತಲೇ ಹೇಳುತ್ತಿದ್ದರು. ಹೆಚ್ಚು ಉರಿಯುತ್ತಿದ್ದುದು ಆ ನಗುವೇ.

"ಇವತ್ತಾದ್ರೂ ಕಾಯಂ ಆಗಿ ಮನೆಗೆ ಬನ್ರೀ," ಎಂದಳು ಹೆಂಡತಿ, ಕರವಸ್ತ್ರ ಕೈಗಿಡುತ್ತ.

"ಬರ್ತೀಡಿ," ಎಂದರು ಮೇಷ್ಟ್ರು.

ಪಾಠದ ವಿಷಯ ಆಂಟಿಬಯೋಟಿಕ್‌ಗಳ ಸರಿಯಾದ ಬಳಕೆ. ಹತ್ತನೆಯ ತರಗತಿಗೆ ಅದನ್ನೇ ತಿಂಗಳಿಡೀ ಅರೆದು ಅರೆದು ಕುಡಿಸಿದ್ದರು. ಮಕ್ಕಳು ಅವರಿಗೆ 'ಕ್ರಿಮಿ ಸರ್' ಎಂದು ಹೆಸರಿಟ್ಟಿದ್ದು ಆಗಲೇ.

ಇನ್ನು ಸ್ಟಾಫ್ ರೂಮು. ಅಲ್ಲಿನ ಬೀರುವಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಡಾಕ್ಟರು ಬರೆದುಕೊಟ್ಟ ಆಂಟಿಬಯೋಟಿಕ್ ಕ್ಯಾಪ್ಸೂಲುಗಳಲ್ಲಿ ಅರ್ಧ ನುಂಗುವಷ್ಟರಲ್ಲಿ ಜ್ವರ ಬಿಟ್ಟವರು ಉಳಿದರ್ಧವನ್ನು ಅದರೊಳಗೆ ಹಾಕುವುದು, ಮೈ ನೆಟ್ಟಗಿಲ್ಲದವರು ಅದರಿಂದ ತೆಗೆದು ನುಂಗುವುದು ಅಲ್ಲಿನ ಪದ್ಧತಿ. ಹೆಸರು ಸಂಜೀವಿನಿ ಡಬ್ಬಿ. ಡ್ರಾಯಿಂಗ್ ಮೇಷ್ಟ್ರು ನೋಡಲು ಚೆಂದವಿರಲೆಂದು ಕ್ಯಾಪ್ಸೂಲುಗಳನ್ನು ಹೆಸರಿದ್ದ ಸ್ಟ್ರಿಪ್ಪಿನಿಂದ ಬಿಡಿಸಿ ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದರು. ಆಮೇಲೆ ಯಾವುದು ಯಾವ ಔಷಧಿಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ವಿಜ್ಞಾನದ ಮೇಷ್ಟ್ರೊಬ್ಬರೇ ಅದನ್ನು ಕಂಡಾಗಲೆಲ್ಲ ಹಾವು ತುಳಿದವರಂತೆ ಹಾರುತ್ತಿದ್ದುದು.

"ಗಂಟಲಿಗೆ ಕೆಂಪು ತಗೊಳ್ಳಿ ಮೇಷ್ಟ್ರೇ," ಎಂದರು ಡ್ರಾಯಿಂಗ್ ಮೇಷ್ಟ್ರು ಡಬ್ಬಿ ಬಿಚ್ಚಿ. "ಮೂಗಿಗೆ ಹಳದಿ. ನಿಮಗೆ ಎರಡೂ ಇದ್ಯಲ್ಲ? ಹಾಗಾದ್ರೆ ಕಿತ್ತಳೆ. ಕೆಂಪು ಹಳದಿ ಸೇರಿದ್ರೆ ಕಿತ್ತಳೆ ತಾನೆ?"

"ಕೆಂಪೇ ಕೊಡಿ," ಎಂದರು ಲೆಕ್ಕದ ಮೇಡಂ. "ಮೊನ್ನೆ ನಂಗೂ ಹೀಗೇ ಆಗಿತ್ತು. ಒಂದು ನುಂಗಿದೆ ನೋಡಿ, ಮಧ್ಯಾಹ್ನಕ್ಕೆಲ್ಲ ಹಾಡು ಹೇಳ್ತಿದ್ದೆ!"

"ಅದನ್ನ ಕೇಳೇ ನಾನು ತಲೆನೋವಿಗೆ ಹಸಿರು ನುಂಗಿದ್ದು," ಎಂದರು ಡ್ರಾಯಿಂಗ್ ಮೇಷ್ಟ್ರು.

ವಿಜ್ಞಾನದ ಮೇಷ್ಟ್ರು ಎರಡೂ ಕೈ ಆಡಿಸಿದರು. ನೆಗಡಿ ವೈರಸ್ಸಿನಿಂದ ಬರುವುದು, ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ಸುಮ್ಮಸುಮ್ಮನೆ ನುಂಗಿದರೆ ಬ್ಯಾಕ್ಟೀರಿಯಾ ಔಷಧಿಗೇ ಜಗ್ಗದಷ್ಟು ಗಟ್ಟಿಯಾಗುತ್ತವೆ ಎಂದೆಲ್ಲ ವಿವರಿಸಿದರು. ಹೊರಗೆ ಕೇಳಿಸಿದ್ದು ಮಾತ್ರ ಪಂಚರಾದ ಸೈಕಲ್ ಟ್ಯೂಬಿನ ಆತ್ಮಚರಿತ್ರೆ.

"ಪಾಪ, ನೀರು ಕೇಳ್ತಿದಾರೆ," ಎಂದರು ಲೆಕ್ಕದ ಮೇಡಂ.

ಅಷ್ಟರಲ್ಲಿ ಹೆಡ್ ಮೇಡಂ ಬಾಗಿಲಲ್ಲಿ ಬಂದು ನಿಂತರು. "ಸಾಹೇಬ್ರ ಜೀಪು ಗೇಟಿಗೆ ಬಂತು. ಈಗ ಅದನ್ನ ನುಂಗ್ತೀರೋ, ಇಲ್ಲಾ ನಿಮ್ಮ ಪಾಠನ ಪಿ.ಟಿ. ಮೇಷ್ಟ್ರಿಗೆ ಒಪ್ಪಿಸ್ಲೋ? ಅವರಿಗೆ ವಿಷಯ ಇಲ್ದಿದ್ರೂ ಗಂಟಲಿದೆ."

ಮೈದಾನದಿಂದ ಪಿ.ಟಿ. ಮೇಷ್ಟ್ರ ಗಂಟಲು "ಲೆಫ್ಟ್! ರೈಟ್!" ಎಂದು ತನ್ನ ಅರ್ಹತೆ ಸಾಬೀತುಪಡಿಸಿತು. ವಿಜ್ಞಾನದ ಮೇಷ್ಟ್ರ ಕಣ್ಣೆದುರು ಮಾವನವರ ನಗು ತೇಲಿಬಂತು. ಕಣ್ಣು ಮುಚ್ಚಿದರು. ಕೆಂಪು ಕ್ಯಾಪ್ಸೂಲನ್ನು ನುಂಗಿದರು. ತಾವು ಕಲಿಸಿದ ಪಾಠವೇ ಗಂಟಲಲ್ಲಿ ಇಳಿದು ಹೋದಂತಾಯಿತು.

ಕಣ್ಣು ತೆರೆದರೆ ಬಾಗಿಲಲ್ಲಿ ಹತ್ತನೆಯ ತರಗತಿಯ ಹುಡುಗಿ, ಕೈತುಂಬ ನೋಟ್‌ಬುಕ್ಕು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ಶಾಲೆಯೇ 'ವಕೀಲೆ' ಎಂದು ಕರೆಯುತ್ತಿತ್ತು. ವಕೀಲೆ ಮೇಷ್ಟ್ರನ್ನೂ ಡಬ್ಬಿಯನ್ನೂ ಒಮ್ಮೆ ನೋಡಿದಳು. ನೋಟ್‌ಬುಕ್ಕು ಇಟ್ಟಳು, ಹೋದಳು.

ಮೆಟ್ಟಿಲು ಹತ್ತುತ್ತ ಮೇಷ್ಟ್ರು ಕೆಮ್ಮಿ "ಮಕ್ಕಳೇ" ಎಂದು ನೋಡಿದರು. ಧ್ವನಿ ಗಂಟೆ ಹೊಡೆದಂತೆ ಬಂತು! ಸಂತೋಷಪಡಬೇಕಾದ ಮನುಷ್ಯ ಕಟಕಟೆ ಹಿಡಿದು ನಿಂತುಬಿಟ್ಟರು. ಹಾಗಾದರೆ ತಾನು ಇಷ್ಟು ದಿನ ಕಲಿಸಿದ್ದೆಲ್ಲ ಬರೀ ಓಳೇ? ಡ್ರಾಯಿಂಗ್ ಮೇಷ್ಟ್ರ ಬಣ್ಣದ ವೈದ್ಯವೇ ನಿಜವೇ?

ಪಾಠ ಚೆನ್ನಾಗಿಯೇ ಸಾಗಿತು. ಹೆಡ್ ಮೇಡಂ ಹಿಂದಿನ ಸಾಲಿನಲ್ಲಿ ಕೂತರು. ಸಾಹೇಬರು ಮುಂದೆ ಬಂದು ತಾವೇ ಪ್ರಶ್ನೆ ಶುರುಮಾಡಿದರು.

"ನೆಗಡಿಗೆ ಆಂಟಿಬಯೋಟಿಕ್ ತಗೋಬಹುದಾ?"

"ಇಲ್ಲ ಸರ್!" ಗೋಡೆ ನಡುಗಿತು.

"ಔಷಧಿಗೆ ಜಗ್ಗದ ಹಾಗೆ ಆಗೋದು ಮನುಷ್ಯನೋ, ಕ್ರಿಮಿಯೋ?"

"ಕ್ರಿಮಿ ಸರ್!"

ಸಾಹೇಬರ ಮುಖ ಅರಳಿತು. "ಭೇಷ್! ದೊಡ್ಡೋರಿಗೇ ಇದು ಗೊತ್ತಿರಲ್ಲ. ತಪ್ಪು ಬಳಕೆಗೆ ಒಂದು ಉದಾಹರಣೆ ಕೊಡಿ ನೋಡೋಣ."

ವಕೀಲೆ ಎದ್ದಳು. "ನಮ್ಮ ಸರ್, ಸರ್. ಈಗ ತಾನೆ ನೆಗಡಿಗೆ ಕೆಂಪು ಕ್ಯಾಪ್ಸೂಲ್ ನುಂಗಿದ್ರು."

ಮೇಷ್ಟ್ರ ಕೈಲಿದ್ದ ಸೀಮೆಸುಣ್ಣ ಮುರಿಯಿತು.

"ಆದ್ರೆ ಅವರದ್ದು ತಪ್ಪಲ್ಲ ಸರ್," ವಕೀಲೆ ಈಗ ಪ್ರತಿವಾದಿಯ ಪರ ನಿಂತಳು. "ಅದರಲ್ಲಿ ಇದ್ದಿದ್ದು ಗ್ಲೂಕೋಸು. ಡಬ್ಬೀಲಿರೋ ಎಲ್ಲಾ ಕ್ಯಾಪ್ಸೂಲೂ ಬಿಚ್ಚಿ, ಪುಡಿ ತೆಗೆದು, ಹೋದ ವಾರ ನಾವೇ ಆಟದ ಸಾಮಾನಿನ ಬೀರೂನಲ್ಲಿದ್ದ ಗ್ಲೂಕೋಸ್ ತುಂಬಿಸಿದ್ವಿ. ಅದನ್ನ ನುಂಗಿ ಲೆಕ್ಕದ ಮೇಡಂ ಹಾಡಿದ್ರು ಸರ್! ಅಂದ್ರೆ ಯಾರಿಗೂ ಆ ಔಷಧಿ ಬೇಕೇ ಇರ್ಲಿಲ್ಲ, ತಾನಾಗೇ ವಾಸಿ ಆಗ್ತಿತ್ತು ಅಂತ ಸಾಬೀತಾಯ್ತು."

ತರಗತಿ ಹೋ ಎಂದಿತು. ಸಾಹೇಬರು ಮೇಜು ಗುದ್ದಿ ನಕ್ಕರು. "ಮೇಷ್ಟ್ರೇ, ಇದಪ್ಪಾ ಪ್ರಯೋಗ ಅಂದ್ರೆ! ಇಂಥ ಮಕ್ಕಳನ್ನ ತಯಾರು ಮಾಡಿದೋರನ್ನ ನಾವು ಬಿಡ್ತೀವಾ?"

ಮೇಷ್ಟ್ರ ಎದೆಯಲ್ಲಿ ಕಾಯಂ ಎಂಬ ಪದ ಮೊಳಕೆಯೊಡೆಯಿತು. ಸಾಹೇಬರು ನಕ್ಕು ಒಣಗಿದ ಗಂಟಲಿಗೆಂದು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಗಟಗಟನೆ ಕುಡಿದು ಕೇಳಿದರು: "ಅದ್ಸರಿ, ನಿಜವಾದ ಔಷಧಿ ಪುಡಿ ಏನ್ ಮಾಡಿದ್ರಮ್ಮಾ? ಚರಂಡಿಗೆ ಸುರಿಯಲಿಲ್ಲ ತಾನೆ?"

"ಛೇ ಛೇ! ಚರಂಡಿಗೆ ಸುರೀಬಾರದು ಅಂತ ಗೊತ್ತು ಸರ್. ಔಷಧಿ ಕೋರ್ಸ್ ಅರ್ಧಕ್ಕೆ ನಿಲ್ಲಿಸಬಾರದು, ಪೂರ್ತಿ ಮುಗಿಸಬೇಕು ಅಂತ ಸರ್ ಹೇಳಿದಾರಲ್ಲ? ಆ ಡಬ್ಬೀಲಿ ಇದ್ದಿದ್ದೆಲ್ಲ ಟೀಚರ್‌ಗಳು ಅರ್ಧಕ್ಕೆ ಬಿಟ್ಟ ಕೋರ್ಸು. ಅದಕ್ಕೆ ಇಡೀ ಶಾಲೆ ಸೇರಿ ಮುಗಿಸೋ ಹಾಗೆ ಮಾಡಿದ್ವಿ."

"ಅಂದ್ರೆ?"

"ಕುಡಿಯೋ ನೀರಿನ ಟ್ಯಾಂಕಿಗೆ ಹಾಕಿದ್ವಿ ಸರ್. ದಿನಾ ಸ್ವಲ್ಪ ಸ್ವಲ್ಪ. ಇವತ್ತಿಗೆ ಮುಗೀತು!"

ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು ಖಾಲಿ ಲೋಟವನ್ನು ನೋಡಿದರು. ವಿಜ್ಞಾನದ ಮೇಷ್ಟ್ರು ಗೋಡೆಗೊರಗಿದರು. ಶಾಲೆಯ ಅಷ್ಟೂ ಹೊಟ್ಟೆಗಳಲ್ಲಿ ಚಿಟಿಕೆ ಚಿಟಿಕೆ ಔಷಧಿ: ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟಲ್ಲ, ಅವಕ್ಕೆ ಕುಸ್ತಿ ಕಲಿಸುವಷ್ಟು. ತಿಂಗಳ ಪಾಠದಲ್ಲಿ ಸರಿಯಾಗಿ ತರಬೇತಿ ಪಡೆದವೆಂದರೆ ಅವೇ.

"ಟ್ಯಾಂಕ್ ಖಾಲಿ ಮಾಡ್ಸಿ!" ಕಿರುಚಿದರು ಸಾಹೇಬರು.

ಹೆಡ್ ಮೇಡಂ ಕಿಟಕಿಯಿಂದ ಕೂಗಿದರು: "ಪಿ.ಟಿ. ಮೇಷ್ಟ್ರೇ, ಟ್ಯಾಂಕಿನ ನೀರಷ್ಟನ್ನೂ ಚರಂಡಿಗೆ ಬಿಡಿ!"

ಕೆಳಗೆ ನೀರು ಭೋರ್ಗರೆದು, ಚರಂಡಿ ತುಂಬಿ, ಊರಿನ ಕಡೆಗೆ ಹರಿಯತೊಡಗಿತು. ಸಾಹೇಬರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

"ಮೇಷ್ಟ್ರೇ, ನಿಮ್ಮ ಪಾಠ ಮಕ್ಕಳ ತಲೆಗೆ ಚೆನ್ನಾಗೇ ಹತ್ತಿದೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ತಾತ್ಕಾಲಿಕದ ಕೋರ್ಸನ್ನ ಅರ್ಧಕ್ಕೆ ನಿಲ್ಲಿಸೋದು ನಂಗೆ ಸರಿ ಕಾಣಲ್ಲ. ಇನ್ನೊಂದು ವರ್ಷ ಮುಂದುವರೀಲಿ."

ಹೆಡ್ ಮೇಡಂ ಸೆರಗು ಬಾಯಿಗಿಟ್ಟು ನಕ್ಕರು. ಮಕ್ಕಳು ಬೆಂಚು ಬಡಿದು ನಕ್ಕರು. ಆದರೆ ಎಲ್ಲರಿಗಿಂತ ಜೋರಾಗಿ, ಮೂಗು ಕಣ್ಣು ಒಟ್ಟೊಟ್ಟಿಗೇ ಸುರಿಯುತ್ತಿರಲು, ಬೋರ್ಡಿಗೆ ಆತು ಬಿದ್ದು ಬಿದ್ದು ನಕ್ಕವರು ವಿಜ್ಞಾನದ ಮೇಷ್ಟ್ರು. ಅಳುವುದಕ್ಕೂ ಅಷ್ಟೇ ಗಂಟಲು ಬೇಕಿತ್ತು. ಗಂಟಲಿನ ಬಾಗಿಲು ತೆರೆದಾಗ ಅಳುವಿಗಿಂತ ನಗು ಮುಂದೆ ನಿಂತಿತ್ತು, ಅಷ್ಟೆ.