ಒದೆತ ನುಂಗುವ ಕೋಟು

ಎಲ್ಲಕ್ಕೂ ಕಾರಣ ಹಲ್ಲಿನ ಡಾಕ್ಟರ ಬಲಭುಜದ ಮೇಲಿದ್ದ ಒಂದು ನೀಲಿ ಕಲೆ. ಕೋಟಿಗೆ ಅಳತೆ ತೆಗೆಯುವಾಗ ಟೈಲರ ಟೇಪು ಅದಕ್ಕೆ ತಗುಲಿತು. ಊರಿನ ಅರ್ಧ ಜನರ ಹಲ್ಲು ಕಿತ್ತ ಡಾಕ್ಟರು ಆ ಹೊತ್ತು ತಾವೇ ಹಲ್ಲು ಕಚ್ಚಿಕೊಂಡರು.

"ರೈಫಲ್ ಒದೆತ ಕಣ್ರೀ. ಪ್ರತಿ ಭಾನುವಾರ ನಲವತ್ತು ಗುಂಡು ಹೊಡೀತೀನಿ, ನಲವತ್ತು ಸಲ ಒದೆಸ್ಕೊತೀನಿ."

"ಭುಜದ ವಿಷಯ ನನಗೆ ಬಿಡಿ ಡಾಕ್ಟ್ರೇ," ಅಂದರು ಟೈಲರು. "ಇಪ್ಪತ್ತೆರಡು ವರ್ಷದಿಂದ ಕೋಟಿನ ಭುಜಕ್ಕೆ ಪ್ಯಾಡ್ ಹಾಕ್ತಿದೀನಿ. ಒದೆತ ನುಂಗೋ ಕೋಟು ಹೊಲಿದುಕೊಡ್ತೀನಿ."

ಆ ಮಾತು ಗುಂಡಿಗಿಂತ ವೇಗವಾಗಿ ಶೂಟಿಂಗ್ ಕ್ಲಬ್ ತಲುಪಿತು. ಕ್ಲಬ್ಬಿನವರು ಕೋಟು ನೋಡಬೇಕೆಂದರು. ಭಾನುವಾರ ಬೆಳಿಗ್ಗೆ ಡಾಕ್ಟರದೊಂದು, ಮಾದರಿಯದೊಂದು, ಎರಡು ಕೋಟು ಹೆಗಲಿಗೆ ಹಾಕಿಕೊಂಡು ಹೊರಟ ಟೈಲರನ್ನು ಹೆಂಡತಿ ಬಾಗಿಲಲ್ಲೇ ತಡೆದಳು.

"ಸೂಜಿ ಚುಚ್ಚಿದ್ರೆ ಮೂರು ಮನೆಗೆ ಕೇಳೋ ಹಾಗೆ ಕೂಗ್ತೀರಿ. ನಿಮಗ್ಯಾಕ್ರೀ ಬಂದೂಕಿನ ಸಹವಾಸ?"

"ಹೊಡೆಯೋರು ಅವರು, ತೋರಿಸೋನು ನಾನು. ಕ್ಲಬ್ಬಿನವರು ಒಪ್ಪಿದ್ರೆ ಮೂವತ್ತು ಕೋಟು ಕಣೇ. ಎದುರುಗಡೆ ರೆಡಿಮೇಡ್ ಅಂಗಡಿ ಬಂದ ಮೇಲೆ ನಾನು ಕೋಟು ಹೊಲಿದಿದ್ದು ಎಷ್ಟು? ಬರೀ ಪ್ಯಾಂಟಿನ ತುದಿ ಮಡಚ್ಕೊಂಡೇ ಸಾಯ್ಬೇಕಾ?"

"ಸರಿ, ಸಂಜೆ ಬಂದು ಎಷ್ಟು ಆರ್ಡರು ಅಂತ ಹೇಳಿ," ಅಂದಳು ಆಕೆ.

ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ತಗಡಿನ ಚಾವಣಿಯ ಕೆಳಗೆ ಸಾಲಾಗಿ ಏಳು ಮೇಜು, ಪ್ರತಿ ಮೇಜಿನ ಮೇಲೆ ಬಂದೂಕು ಊರಲು ಒಂದು ಮರಳಿನ ಚೀಲ. ನೂರು ಮೀಟರ್ ಆಚೆ ಏಳು ಗುರಿಹಲಗೆ. ಅಲ್ಲಿನ ಅಧಿಕಾರಿ ಸೈನ್ಯದಿಂದ ನಿವೃತ್ತರಾದವರು. ಮಾತನ್ನೂ ಗುಂಡಿನಂತೆ ಎಣಿಸಿಯೇ ಕೊಡುವವರು.

"ಮೂವತ್ತು ಸದಸ್ಯರು, ಮೂವತ್ತು ಕೋಟು. ಆದ್ರೆ ಅಡುಗೆ ಮಾಡಿದವನು ಮೊದಲು ಉಣ್ಣಲಿ. ನೀವೇ ಹಾಕ್ಕೊಂಡು ಐದು ಗುಂಡು ಹೊಡೀರಿ. ಕದಲದೆ ಕೂತ್ರೆ ಆರ್ಡರು ನಿಮ್ಮದು."

"ನಾನಾ?" ಟೈಲರ ದನಿ ಸೂಜಿಯ ಕಣ್ಣಿನಲ್ಲಿ ನುಸುಳುವಷ್ಟು ತೆಳ್ಳಗಾಯಿತು.

ಅವರಿಗೆ ಸಿಕ್ಕಿದ್ದು ಕೊನೆಯ, ಏಳನೆಯ ಮೇಜು. ಆರನೆಯದು ಡಾಕ್ಟರದು. ಅಭ್ಯಾಸಕ್ಕೆ ಕ್ಲಬ್ಬಿನದೊಂದು ಬಂದೂಕು, ಮೂರು ಗುಂಡು ಕೊಟ್ಟರು. ಡಾಕ್ಟರು ತಮ್ಮ ಖಾಲಿ ರೈಫಲನ್ನು ಚೀಲದ ಮೇಲೆ ಏಳನೆಯ ಹಲಗೆಯತ್ತ ತಿರುಗಿಸಿಟ್ಟು ಅದರ ದುರ್ಬೀನಿಗೆ ಕಣ್ಣು ಹಚ್ಚಿದರು. "ಹೆದರ್ಬೇಡಿ. ನಿಮ್ಮ ಗುಂಡು ಎಲ್ಲಿ ಬೀಳುತ್ತೆ ಅಂತ ಇಲ್ಲಿಂದ ನೋಡಿ ಹೇಳ್ತೀನಿ."

ಐದನೆಯ ಮೇಜಿನಿಂದ ಗಣಿತದ ಮೇಷ್ಟ್ರು ಎದ್ದು ಬಂದರು. "ಭಾರದ ಬಂದೂಕು ಕಮ್ಮಿ ಒದೆಯುತ್ತೆ ಟೈಲರೇ, ಅದು ಲೆಕ್ಕ. ನೀವೂ ಸ್ವಲ್ಪ ಭಾರ ಇದ್ದಿದ್ರೆ ಚೆನ್ನಾಗಿತ್ತು."

ಮೊದಲ ಗುಂಡಿಗೆ ಟೈಲರು ಬಂದೂಕನ್ನು ಬೇರೆಯವರ ಮಗುವಿನಂತೆ, ಭುಜಕ್ಕೆ ತಾಗಿಸದೆ ಹಿಡಿದರು. ಅಂತರ ಸಿಕ್ಕರೆ ಬಂದೂಕು ಕತ್ತೆಯಂತೆ ಓಡಿಬಂದು ಒದೆಯುತ್ತದೆ. ಟೈಲರು ಕುರ್ಚಿಯ ಸಮೇತ ಒಂದು ಮೊಳ ಹಿಂದೆ ಸರಿದರು.

"ಬಿಗಿಯಾಗಿ ಅಪ್ಕೊಳ್ಳಿ," ಅಂದರು ಡಾಕ್ಟರು.

ಎರಡನೆಯದಕ್ಕೆ ಅಪ್ಪಿಕೊಂಡರು. ಆದರೆ ಪ್ಯಾಡಿನಲ್ಲಿ ಮೂರು ಬೆರಳು ದಪ್ಪ ಹತ್ತಿ ಇತ್ತು. ಬಂದೂಕು ಅಷ್ಟು ಮುಂದೆ ಹೋಯಿತು. ದುರ್ಬೀನು ನೋಡಲು ಕೊಕ್ಕರೆಯಂತೆ ಕತ್ತು ಚಾಚಿದರು. ಹತ್ತಿ ಅದುಮಿಕೊಂಡಿತು, ದುರ್ಬೀನಿನ ಅಂಚು ಬಂದು ಹುಬ್ಬಿಗೆ ಮುದ್ರೆ ಒತ್ತಿತು. ರಕ್ತ ಬಂತು. ಡಾಕ್ಟರೇ ಪಟ್ಟಿ ಹಚ್ಚಿದರು.

ಮೂರನೆಯದಕ್ಕೆ ಟೈಲರು ಬಂದೂಕಿನ ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚಿ ತಲೆ ತಗ್ಗಿಸಿದರು. ಇಪ್ಪತ್ತು ಹೆಜ್ಜೆ ಮುಂದೆ ಧೂಳೆದ್ದಿತು.

"ಎಲ್ಲಿ ಬಿತ್ತು ಡಾಕ್ಟ್ರೇ?"

"ಇದೇ ಊರಲ್ಲಿ."

ಅಧಿಕಾರಿ ಬಂದು ಪ್ಯಾಡು ಹಿಸುಕಿದರು. "ಇದು ಪ್ಯಾಡಲ್ಲ, ದಿಂಬು. ತೆಳ್ಳಗೆ, ಗಟ್ಟಿಯಾಗಿರ್ಲಿ. ಬಂದೂಕು ಭುಜದ ಗುಳಿಯಲ್ಲಿ ಕೂರ್ಬೇಕು."

ಅದು ಟೈಲರಿಗೆ ಅರ್ಥವಾಗುವ ಭಾಷೆ. ಮೆಟ್ಟಿಲ ಮೇಲೆ ಕೂತು, ಬ್ಲೇಡಿನಿಂದ ಎರಡೂ ಕೋಟುಗಳ ಹೊಲಿಗೆ ಬಿಚ್ಚಿ, ಹತ್ತಿ ಕಿತ್ತೆಸೆದು, ಕಾಲರಿಗೆಂದು ತಮ್ಮ ಹೊಲಿಗೆ ಚೀಲದಲ್ಲಿಟ್ಟಿದ್ದ ಗಟ್ಟಿ ಉಣ್ಣೆಬಟ್ಟೆಯನ್ನು ನಾಲ್ಕು ಪದರ ಮಡಚಿ ಹೊಲಿದರು. ಒಂದನ್ನು ತಾವು ತೊಟ್ಟರು. ಇನ್ನೊಂದನ್ನು ಡಾಕ್ಟರು ತೊಟ್ಟರು. ಅವರಿಗೆ ಅದು ತಿಂಗಳ ಸ್ಪರ್ಧೆಯ ಸುತ್ತು, ಹನ್ನೊಂದು ವರ್ಷದಿಂದ ಅವರೇ ಚಾಂಪಿಯನ್.

ಅಧಿಕಾರಿ ಟೈಲರ ಪಕ್ಕದಲ್ಲೇ ನಿಂತರು. "ಗುಂಡು ನಾನು ಹಾಕ್ತೀನಿ. ನೀವು ಗುರಿ ನೋಡಿ, ಗಂಟೆ ಹೊಡೆದಾಗಲೆಲ್ಲ ಒಂದು ಸಲ ಕುದುರೆ ಒತ್ತಿ."

ಎಲ್ಲರೂ ಕಿವಿಗವಸು ಹಾಕಿಕೊಂಡರು. ಮೊದಲ ಗಂಟೆ ಹೊಡೆಯಿತು. ಸಾಲಿನುದ್ದಕ್ಕೂ ಬಂದೂಕುಗಳು ಒಟ್ಟಿಗೆ ಸಿಡಿದು ತಗಡಿನ ಚಾವಣಿ ನಡುಗಿತು. ಟೈಲರು ಕುದುರೆ ಒತ್ತಿ, ಒದೆತಕ್ಕೆ ಮುದುಡಿ ಕಾದರು. ಏನೂ ಬರಲಿಲ್ಲ. ಭುಜ ಮುಟ್ಟಿ ನೋಡಿಕೊಂಡರು, ಅದು ಇದ್ದಲ್ಲೇ ಇತ್ತು. ಎರಡನೆಯ ಗಂಟೆಗೂ ಒದೆತವಿಲ್ಲ. ಐದನೆಯದರ ಹೊತ್ತಿಗೆ ಫೋಟೋ ತೆಗೆಸಿಕೊಳ್ಳುವವರಂತೆ ಸೆಟೆದು ಕೂತಿದ್ದರು.

ಹಲಗೆಗಳನ್ನು ತಂದರು. ಏಳನೆಯದರ ನಟ್ಟನಡುವೆ ಐದು ತೂತು. ಕೋಟಿನ ಒಂದು ಗುಂಡಿ ಇಟ್ಟರೆ ಐದೂ ಮುಚ್ಚಿಹೋಗುವಷ್ಟು ಹತ್ತಿರ. ಆರನೆಯದು ತೊಳೆದಿಟ್ಟ ತಟ್ಟೆಯಂತಿತ್ತು.

ಎಲ್ಲರೂ ಬಗ್ಗಿ ತೂತುಗಳನ್ನು ಎಣಿಸಿದರು. ಆಮೇಲೆ ಒಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

"ಒದೆತ ಅಂತೀರಲ್ಲ, ಮಗು ಕೈಯಿಟ್ಟ ಹಾಗೂ ಆಗ್ಲಿಲ್ಲ," ಅಂದರು ಟೈಲರು, ಸೊಂಟದ ಮೇಲೆ ಕೈಯಿಟ್ಟು.

"ಮೊದಲ ಕೋಟು ನನಗೆ," ಎಂದು ಮೇಷ್ಟ್ರು ಅಲ್ಲೇ ಅಳತೆಗೆ ಕೈ ಎತ್ತಿ ನಿಂತರು.

ಅಧಿಕಾರಿಯ ಮುಖ ಮಾತ್ರ ಸುಣ್ಣ ಬಳಿದ ಗೋಡೆಯಾಗಿತ್ತು. ಅವರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಐದು ಗುಂಡು.

"ಇವು ಮದ್ದಿಲ್ಲದ ಗುಂಡು. ಕಣ್ಣು ಮುಚ್ಚೋ ಹೊಸಬರಿಗೆ, ಒದೆತದ ಹೆದರಿಕೆ ಬಿಡಲಿ ಅಂತ ಹೇಳದೆ ಇವನ್ನೇ ಹಾಕ್ತೀನಿ. ಟೈಲರ ಬಂದೂಕಿಂದ ಏನೂ ಹೊರಗೆ ಹೋಗಿಲ್ಲ."

ಮೇಷ್ಟ್ರ ಕೈ ಮೇಲೆಯೇ ಉಳಿಯಿತು. "ಹಾಗಾದ್ರೆ ಈ ತೂತು?"

ಎಲ್ಲರ ತಲೆಯೂ ಆರನೆಯ ಮೇಜಿನತ್ತ ತಿರುಗಿತು. ಡಾಕ್ಟರು ಮೆಲ್ಲಗೆ ಬಗ್ಗಿ ತಮ್ಮ ದುರ್ಬೀನಿನಲ್ಲಿ ನೋಡಿದರು. ಬೆಳಿಗ್ಗೆ ಟೈಲರಿಗಾಗಿ ತಿರುಗಿಸಿಟ್ಟ ರೈಫಲು ಇನ್ನೂ ಏಳನೆಯ ಹಲಗೆಯ ಕಡೆಗೇ ಇತ್ತು. ಅವರು ತಮ್ಮ ರೋಗಿಗಳು ಕೂರುವ ಹಾಗೆ, ಬಾಯಿ ತೆರೆದುಕೊಂಡೇ ಕುರ್ಚಿಯಲ್ಲಿ ಕುಸಿದರು.

"ಬೇರೆಯವರ ಹಲಗೆಗೆ ಹೊಡೆದ್ರೆ ಸೊನ್ನೆ," ಅಂದರು ಅಧಿಕಾರಿ. "ನಿಯಮ."

ಆಗ ಟೈಲರಿಗೆ ಏನೋ ಹೊಳೆಯಿತು. "ಡಾಕ್ಟ್ರೇ, ನೀವು ಹೊಡೆದಿದ್ದು ನಿಜವಾದ ಗುಂಡು ತಾನೇ? ಭುಜ ನೋಯ್ತಿದೆಯಾ?"

ಡಾಕ್ಟರು ನೀಲಿ ಕಲೆಯ ಮೇಲೆ ಬೆರಳಿಟ್ಟರು. ಮತ್ತೆ ಒತ್ತಿದರು. "ಇಲ್ಲ," ಅಂದರು ಬೆರಗಿನಿಂದ. "ಒದ್ದಿದ್ದೇ ಗೊತ್ತಾಗ್ಲಿಲ್ಲ."

"ನೋಡಿದ್ರಾ ಸಾರ್, ನನ್ನ ಕೋಟು ಒದೆತ ನುಂಗಿದೆ."

"ನುಂಗಿದೆ, ಒಪ್ತೀನಿ," ಅಂದರು ಅಧಿಕಾರಿ. "ಆದ್ರೆ ಹನ್ನೊಂದು ವರ್ಷದ ಚಾಂಪಿಯನ್ ಆ ಕೋಟು ಹಾಕಿದ ದಿನಾನೇ ಸೊನ್ನೆ ತಗೊಂಡ್ರು. ಇನ್ನು ಅದಕ್ಕೆ ಕೈ ತೂರಿಸೋ ಧೈರ್ಯ ಯಾರಿಗಿದೆ, ನೀವೇ ಕೇಳಿ."

ಟೈಲರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕೈ ಇಳಿಸಿ ಕನ್ನಡಕ ಒರೆಸಲು ಶುರುಮಾಡಿದ್ದರು. "ನನಗೆ ನೋವು ಅಭ್ಯಾಸ ಆಗ್ಬಿಟ್ಟಿದೆ ಟೈಲರೇ."

ಸಂಜೆ ಬಾಗಿಲು ತೆರೆದ ಹೆಂಡತಿ ಹುಬ್ಬಿನ ಪಟ್ಟಿ ನೋಡಿದಳು, ಗಂಡನ ತೋಳಿನ ಮೇಲಿದ್ದ ಎರಡೂ ಕೋಟು ನೋಡಿದಳು.

"ಎಷ್ಟು ಆರ್ಡರು?"

"ಒಂದು."

"ಒಂದಾದ್ರೂ ಬಂತಲ್ಲ. ಯಾರದು?"

ಟೈಲರು ಡಾಕ್ಟರ ಕೋಟನ್ನು ಮೇಜಿನ ಮೇಲೆ ಹರವಿ ಬ್ಲೇಡು ಹುಡುಕತೊಡಗಿದರು.

"ಡಾಕ್ಟರದು. ಪ್ಯಾಡು ಕಿತ್ತು ಕೊಡ್ಬೇಕಂತೆ."