ಏಳನೆಯ ಪುಟದ ಕತ್ತೆ

ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಹೆಂಡತಿ ನನ್ನಲ್ಲಿ ಒಪ್ಪಿಕೊಂಡ ವಿದ್ಯೆ ಒಂದೇ: ಪುಸ್ತಕದ ಕಾಪಿರೈಟ್ ಪುಟ. ಯಾರೂ ಓದದ ಆ ಪುಟವನ್ನು ತಿದ್ದುವುದೇ ಅಚ್ಚುಮನೆಯಲ್ಲಿ ನನ್ನ ಉದ್ಯೋಗ. (ಮನೆಯಲ್ಲಿ ನನ್ನನ್ನು ತಿದ್ದುವುದು ಅವಳ ಉದ್ಯೋಗ.)

ನಮ್ಮ ಮಗಳು ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಆಗಷ್ಟೇ ಒಂಬತ್ತು ತುಂಬಿತ್ತು. ತಲೆ ಬಾಚಿಸಿಕೊಳ್ಳುವಾಗ ಅವಳು ಕಟ್ಟಿ ಹೇಳುತ್ತಿದ್ದ ಕಥೆಗಳನ್ನು ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಹನ್ನೊಂದು ಕಥೆ, ನಮಗೆ ಉಳಿದಿದ್ದು ಅಷ್ಟೇ. ಪುಸ್ತಕ ಮಾಡುವ ಘನ ಯೋಚನೆ ನನ್ನದು. ನೋಟ್‌ಬುಕ್ಕು ಕೊಡುವಾಗ ಹೆಂಡತಿ ಅಂದದ್ದು ಒಂದೇ ಮಾತು: "ಅವಳು ಹೇಳಿದ ಹಾಗೇ ಇರ್ಲಿ ರೀ."

ನಾನು ಕಾಪಿರೈಟ್ ಪುಟವೊಂದಕ್ಕೇ ಹದಿನೈದು ದಿನ ಬೆವರು ಸುರಿಸಿದೆ. ಐವತ್ತೇ ಪ್ರತಿಯಾದರೇನು, ಸಪ್ತಸಾಗರದಾಚೆಯ ಕಳ್ಳರಿಂದಲೂ ರಕ್ಷಣೆ ಬೇಡವೇ?

ಪ್ರತಿಗಳು ಬಂದ ಸಂಜೆ ಅವಳು ಒದ್ದೆ ಕೈ ಒರೆಸಿಕೊಂಡು ಪುಸ್ತಕ ತೆರೆದಳು.

"ಏನ್ರೀ ಇದು, ಸೊನ್ನೆಯೊಳಗೊಂದು ಅಕ್ಷರ?"

"ಹಕ್ಕಿನ ಗುರುತು. ಹಿಂದೆ ಕೆಲವು ದೇಶಗಳಲ್ಲಿ ಅದಿಲ್ದಿದ್ರೆ ಹಕ್ಕೇ ಹೋಗ್ತಿತ್ತು. ಈಗ ಹೆಚ್ಚಿನ ಕಡೆ ಬೇಕಾಗಿಲ್ಲ, ಬರೆದ ಕೂಡ್ಲೇ ಹಕ್ಕು ಬರುತ್ತೆ."

"ಬೇಡದಿದ್ರೆ ಯಾಕೆ ಹಾಕಿದ್ರಿ?"

"ಇರ್ಲಿ ಅಂತ."

"'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಅನ್ನೋದು?"

"ಅದೂ ಹಾಗೇ. ಒಂದು ಕಾಲಕ್ಕೆ ಕೆಲವು ದೇಶ ಕೇಳ್ತಿದ್ವು, ಈಗ ಬರೀ ಅಭ್ಯಾಸ."

"ಎಷ್ಟು ವರ್ಷ ಇರುತ್ತೆ ಈ ಹಕ್ಕು?"

"ಒಂದು ಕಡೆ ಐವತ್ತು, ಇನ್ನೊಂದು ಕಡೆ ಎಪ್ಪತ್ತು. ಬರೆದವರು ಸತ್ತ..." ಎಂದವನು ನಾಲಿಗೆ ಕಚ್ಚಿಕೊಂಡೆ.

ಮಾತು ತಿರುಗಿಸಲು ಕೊನೆಯ ಸಾಲಿಗೆ ಬೆರಳಿಟ್ಟೆ. "ಇದು ನೋಡು, ಬರೆದವರ ನೈತಿಕ ಹಕ್ಕು, ಕೆಲವು ದೇಶಗಳಲ್ಲಿ ಇದಕ್ಕೆ ಕೊನೇನೇ ಇಲ್ಲ. ಬರೆದವರ ಮಾತನ್ನ ಯಾರೂ ತಿರುಚೋ ಹಾಗಿಲ್ಲ. ಹೆತ್ತವರಾದ್ರೂ ಸರಿ!"

"ಹೌದಾ?" ಎಂದು ಅವಳು ಏಳನೆಯ ಪುಟ ತೆಗೆದಳು. "ಇಲ್ಲಿ 'ನಮ್ಮಪ್ಪ ಒಬ್ಬ ರಾಜ' ಅಂತಿದೆ. ಅವಳು ಹೇಳಿದ್ದು 'ನಮ್ಮಪ್ಪ ಒಂದು ಕತ್ತೆ' ಅಂತ."

ನಿಜ. ಕನ್ನಡಕ ಹಾಕಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕುವ ಕತ್ತೆ. ಅಚ್ಚುಮನೆಯವರು ಓದಿ ನಗುತ್ತಾರೆಂದು ನಾಚಿ, ಆ ಕತ್ತೆಗೆ ನಾನೇ ಪಟ್ಟಾಭಿಷೇಕ ಮಾಡಿದ್ದೆ.

"ಬೇಲೀನೇ ಎದ್ದು ಹೊಲ ಮೇಯ್ತಲ್ರೀ!" ಬರೀ ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಅಳುತ್ತಿದ್ದಳು. "ಕತ್ತೆ ಅನ್ನೋವಾಗ ಎಷ್ಟು ನಗ್ತಿದ್ಲು ಅವಳು. ಆ ನಗೂನೇ ಅಳಿಸಿಬಿಟ್ರಿ."

ಪೆನ್ನು ತಂದು ನೆಲದ ಮೇಲೆ ಕೂತೆ. ಪ್ರತಿಯೊಂದರಲ್ಲೂ ಹದಿನಾಲ್ಕು ಕಡೆ ರಾಜನನ್ನು ಹೊಡೆದುಹಾಕಿ ಕತ್ತೆಯನ್ನು ಬರೆಯಬೇಕಿತ್ತು. ಅವಳೂ ನೋಟ್‌ಬುಕ್ಕು ಹಿಡಿದು ಪಕ್ಕದಲ್ಲೇ ಕೂತಳು. ನನ್ನನ್ನು ನಂಬುವ ಹಾಗಿಲ್ಲವಂತೆ.

"ಗಟ್ಟಿಯಾಗಿ ಓದ್ಕೊಂಡು ಬರೀರಿ."

"ನಮ್ಮಪ್ಪ ಒಂದು ಕತ್ತೆ..." ಮುಂದಿನದನ್ನು ಅವಳೇ ಹೇಳಿದಳು, ನೋಟ್‌ಬುಕ್ಕು ನೋಡದೆ.

ಮೂರನೆಯ ಪ್ರತಿ ಮುಗಿಯುವಷ್ಟರಲ್ಲಿ ಅವಳಿಗೆ ನಗು ಬಂದುಬಿಟ್ಟಿತು. ಎರಡು ವರ್ಷದಲ್ಲಿ ಮೊದಲ ಸಲ, ಅದೂ ನನ್ನ ಮುಖ ನೋಡಿ. ಇನ್ನೂ ನಲವತ್ತೇಳು ಪ್ರತಿ ಉಳಿದಿದ್ದವು. ಬೇಗ ಮುಗಿಸುವ ಆತುರ ನನಗಿರಲಿಲ್ಲ.